ಗಾಜಿನ ಮೇಲಿನ ಮೂರು ಗೆರೆ

ಮೊಬೈಲಿನ ಗಾಜಿನ ಮೇಲೆ ಗೆರೆ ಬಿದ್ದದ್ದು ನನ್ನ ದಡ್ಡತನದಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲಿನದನ್ನೆಲ್ಲ ನಾನು ಬೇರೆಯವರ ತಲೆಗೇ ಕಟ್ಟಿದೆ.

ಟಿಕೋಟಾದಲ್ಲಿ ನಮ್ಮದು ರೊಟ್ಟಿ ಬಡಿಯುವ ಮನೆ. ನಾನು, ನನ್ನ ಅತ್ತೆ ದುಂಡವ್ವ, ಪಕ್ಕದ ಮನೆಯ ದಾವಲಬಿ ಮೂವರೂ ನಸುಕಿನಲ್ಲಿ ಹಂಚಿನ ಮುಂದೆ ಕೂತರೆ ಬಿಸಿಲೇರಿದ ಮೇಲೆ ಏಳುತ್ತೇವೆ. ಖಡಕ್ಕಾಗಿ ಒಣಗಿದ ಜೋಳದ ರೊಟ್ಟಿಯನ್ನು ನಾನು ಬಸ್ಸಿನಲ್ಲಿ ವಿಜಯಪುರಕ್ಕೆ ಒಯ್ದು ಜೋರಾಪುರ ಪೇಟೆಯ ಖಾನಾವಳಿಗಳಿಗೆ ಕೊಟ್ಟು ಬರುತ್ತೇನೆ. ಯಾರಿಗೆ ಎಷ್ಟು ರೊಟ್ಟಿ ಬೇಕೆಂಬುದು ಮೊಬೈಲಿಗೆ ಬರುತ್ತದೆ. ಪ್ರತಿಸಲ ಕೈ ತೊಳೆಯುವಷ್ಟು ಪುರುಸೊತ್ತು ಯಾರಿಗಿದೆ? ಹಿಟ್ಟಿನ ಬೆರಳಿನಿಂದಲೇ ದಿನಕ್ಕೆ ಐವತ್ತು ಸಲ ಲಾಕು ತೆಗೆಯುತ್ತೇನೆ.

ಹೋದ ತಿಂಗಳು ಗಿರಣಿಯವನು ಬೀಸುವ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ್ದ. ಹಾಗೆ ಉಳಿ ಹೊಡೆಸಿದ ಕಲ್ಲಿನ ಮೊದಲ ಹಿಟ್ಟಿನಲ್ಲಿ ಕಲ್ಲುಪುಡಿ ಇರುತ್ತದೆ, ಅದನ್ನು ರೊಟ್ಟಿಗೆ ಬಳಸಬಾರದು ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ನಾನು ಮಾತ್ರ ಜಾಣೆಯ ಹಾಗೆ ಎರಡು ಸಲ ಸಾಣಿಸಿ ಬಳಸಿದೆ. ಆ ಪುಡಿ ಯಾರ ಹಲ್ಲಿಗೂ ಸಿಗಲಿಲ್ಲ, ನನ್ನ ಮೊಬೈಲಿನ ಗಾಜಿಗೆ ಸಿಕ್ಕಿತು. ಹದಿನೈದು ದಿನ ಕಳೆಯುವುದರೊಳಗೆ ಗಾಜಿನ ಮೇಲೆ ಮೂರು ಸಣ್ಣ ಗೆರೆ ಕಾಣಿಸಿದವು. ನೆರಳಲ್ಲಿ ಏನೂ ಇಲ್ಲ, ಬಿಸಿಲಿಗೆ ಹಿಡಿದರೆ ಬೆಳ್ಳಗೆ ಎದ್ದು ಕಾಣುತ್ತಿದ್ದವು.

"ಈಬತ್ತಿ ಹಚ್ಚಿ ತಿಕ್ಕಿದ್ರ ಹೊಕ್ಕಾವ ಬಿಡ," ಎಂದಳು ಅತ್ತೆ. ವಿಭೂತಿಗೆ ಅವಳು ಹೇಳುವುದು ಈಬತ್ತಿ ಎಂದು. ದೇವರ ಮುಂದಿನ ಹಿತ್ತಾಳೆ, ಮೊಮ್ಮಕ್ಕಳ ಬೆಳ್ಳಿ ಕಾಲ್ಗೆಜ್ಜೆ, ತನ್ನ ಕನ್ನಡಕ, ಎಲ್ಲಕ್ಕೂ ಅವಳದು ಅದೇ ಮದ್ದು. "ಇದ್ದಲಿ ಬೂದಿ ಒರಟ ಇರತೈತಿ, ಗೆರಿ ಬೀಳತಾವ. ಈಬತ್ತಿ ಹಂಗಲ್ಲ, ಬೆಣ್ಣಿ ಇದ್ದಂಗ."

"ಇದು ಗಿಂಡಿ ಅಲ್ಲ ಅತ್ತಿ, ಮೊಬೈಲ. ಮುಟ್ಟಬ್ಯಾಡ್ರಿ," ಎಂದು ನಾನು ಸಿಡುಕಿದೆ.

ನನ್ನ ಸಿಡುಕಿಗೆ ಕಾರಣ ಗೆರೆ ಅಲ್ಲ. ಎಡ ಎದೆಯಲ್ಲಿ ಒಂದು ಗಂಟು. ಕಡಲೆಕಾಳಿನಷ್ಟೇ ಇತ್ತು. ಜಳಕ ಮಾಡುವಾಗ ಸಾಬೂನಿನ ಕೈಗೆ ಸಿಕ್ಕಿದ ದಿನದಿಂದ ನಾನು ಸರಿಯಾಗಿ ಉಂಡಿರಲಿಲ್ಲ. ನನ್ನ ಅವ್ವ ಸತ್ತದ್ದು ಇಂಥದೇ ಗಂಟಿನಿಂದ. ಊರಿಗೆಲ್ಲ ಕಾಮಾಲೆ ಎಂದು ಹೇಳಿದೆವು. ಹಾಗೆ ಹೇಳಿಸಿದವನು ಅಪ್ಪ. ಮನೆಯಲ್ಲಿ ಎರಡು ಹೆಣ್ಣುಮಕ್ಕಳಿರುವಾಗ ಆ ಬೇನೆಯ ಹೆಸರು ಹೊರಗೆ ಬಿದ್ದರೆ ಯಾರು ಬಾಗಿಲಿಗೆ ಬರುತ್ತಾರೆ? ನನ್ನ ಮದುವೆ ಆ ಸುಳ್ಳಿನ ಮೇಲೆಯೇ ಆಯಿತು. ಈಗ ತಂಗಿ ದಾನೇಶ್ವರಿಯ ಸರದಿ.

ದಾನೇಶ್ವರಿ ಮಮದಾಪುರದಲ್ಲಿ ಅಪ್ಪನ ಹತ್ತಿರ ಇದ್ದಾಳೆ. ಅವಳನ್ನು ಕೇಳಿದವರು ಬೇರೆ ಯಾರೂ ಅಲ್ಲ, ನನ್ನ ಅತ್ತೆಯ ಸ್ವಂತ ತಮ್ಮ, ಬಬಲೇಶ್ವರದ ಯಲಗೂರಪ್ಪ ಮಾವ, ತನ್ನ ಮಗ ಸಂಗನಬಸವನಿಗೆ. ಹುಡುಗ ಒಳ್ಳೆಯವನು. ಅವನ ಹೆಸರೆತ್ತಿದರೆ ದಾನೇಶ್ವರಿ ಮುಖ ತಿರುಗಿಸಿ ನಗುತ್ತಾಳೆ. ಗುರುವಾರ ನಿಶ್ಚಯ ಇಟ್ಟಿದ್ದರು. ಅಲ್ಲಿಯವರೆಗೆ ನನ್ನ ಗಂಟಿನ ಸುದ್ದಿ ಅತ್ತೆಯ ಕಿವಿಗೆ ಬೀಳಬಾರದು, ನನಗೆ ಬೇಕಾದದ್ದು ಇಷ್ಟೇ. ಯಾಕೆಂದರೆ ನನ್ನ ಅತ್ತೆಯ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ದಾವಲಬಿಯ ಮನೆಯಲ್ಲಿ ಹಾಲು ಒಡೆದರೆ ಅದು ಸಂಜೆಯೊಳಗೆ ಮೂರು ಓಣಿಗೆ ಗೊತ್ತಾಗುವುದು ಇವಳಿಂದಲೇ.

ಗಂಡ ಶಿವಲಿಂಗನಿಗೂ ಹೇಳಲಿಲ್ಲ. ಅವನು ಒಣದ್ರಾಕ್ಷಿಯ ಲಾರಿ ಹೊಡೆಯುತ್ತಾನೆ, ವಾರದಲ್ಲಿ ನಾಲ್ಕು ದಿನ ಸಾಂಗಲಿಯ ಕಡೆಗೇ ಇರುತ್ತಾನೆ. ರೊಟ್ಟಿ ಕೊಡಲು ಹೋದ ಒಂದು ದಿನ ಒಬ್ಬಳೇ ವಿಜಯಪುರದ ದವಾಖಾನೆಗೆ ಹೋದೆ. ಸೂಜಿ ಚುಚ್ಚಿ ಗಂಟಿನೊಳಗಿನದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. "ರಿಪೋರ್ಟ ಇಂಗ್ಲೀಷಿನಾಗ ಇರತೈತ್ರಿ ಅಕ್ಕಾರ. ನಾನ ಓದಿ, ಕನ್ನಡದಾಗ ಹೇಳಿ ವಾಯ್ಸ್ ಕಳಸ್ತೇನಿ," ಎಂದಳು ಅಲ್ಲಿಯ ನರ್ಸು ಸಮ್ರೀನ. ಒಳ್ಳೆಯ ಹುಡುಗಿ.

ಶನಿವಾರ ಸಂಜೆ ಅವಳ ದನಿ ಬಂದು ಮೊಬೈಲಿನಲ್ಲಿ ಕೂತಿತು. ಒಂದು ನಿಮಿಷ ಎಂಟು ಸೆಕೆಂಡು. ಪಕ್ಕದಲ್ಲಿ ಹಸಿರು ಮೈಕಿನ ಗುರುತು, ಅಂದರೆ ಇನ್ನೂ ಕೇಳಿಲ್ಲ ಎಂದು ಅರ್ಥ. ನಾನು ಒತ್ತಲಿಲ್ಲ. ಒಳ್ಳೆಯ ಸುದ್ದಿಗೆ ಒಂದು ನಿಮಿಷ ಎಂಟು ಸೆಕೆಂಡು ಬೇಕೇ? ಏನಿಲ್ಲ ಅಂಜಬ್ಯಾಡ್ರಿ ಎನ್ನಲು ಐದು ಸೆಕೆಂಡು ಸಾಕಲ್ಲ? ಕೇಳುವ ತನಕ ಅದು ಬರಿಯ ಗಂಟು, ಕೇಳಿದ ಮೇಲೆ ಅದಕ್ಕೊಂದು ಹೆಸರು. ಗುರುವಾರ ಮುಗಿಯಲಿ, ಆಮೇಲೆ ಕೇಳಿದರಾಯಿತು ಎಂದುಕೊಂಡೆ. ಆದರೂ ತಾಸಿಗೊಮ್ಮೆ ಅದನ್ನು ತೆರೆದು ನೋಡುವುದು, ಬೆರಳು ಹತ್ತಿರ ಒಯ್ಯುವುದು, ಮತ್ತೆ ಹಾಗೇ ಇಟ್ಟುಬಿಡುವುದು. ಭಾನುವಾರ ಗಿರಣಿಗೆ ಹೋಗುವಾಗಲೂ ಹಾಗೇ ನೋಡಿ, ಚಾರ್ಜಿಗೆ ಹಚ್ಚಿ ಹೋದೆ. ಬಂದಮೇಲೆ ರೊಟ್ಟಿ, ಅಡಿಗೆ. ಅವತ್ತು ಮತ್ತೆ ತೆರೆಯುವ ಧೈರ್ಯ ಆಗಲಿಲ್ಲ.

ಸೋಮವಾರ ರೊಟ್ಟಿ ಕೊಟ್ಟು ಮುಗಿಸಿ, ಸೊಲ್ಲಾಪುರ ರಸ್ತೆಯ ರಿಜ್ವಾನನ ಮೊಬೈಲ್ ಅಂಗಡಿಗೆ ಹೋದೆ. ಗೆರೆಯ ಮೇಲೆ ಒಂದು ಗಾಜಿನ ಹಾಳೆ ಅಂಟಿಸಿಕೊಂಡರೆ ಅವು ಮುಚ್ಚಿಹೋಗುತ್ತವೆ ಎಂದು ದಾವಲಬಿ ಹೇಳಿದ್ದಳು. ನಿಜ ಹೇಳಬೇಕೆಂದರೆ ಬಸ್ಸು ಹತ್ತಿ ಮನೆಗೆ ಹೋಗಲು ಮನಸ್ಸಿರಲಿಲ್ಲ.

ರಿಜ್ವಾನ ಮೊಬೈಲನ್ನು ದೀಪದ ಕೆಳಗೆ ಓರೆ ಹಿಡಿದು ನೋಡಿದ. ನಕ್ಕ.

"ಅಕ್ಕಾರ, ಇದಕ್ಕ ಗೆರಿ ಅಂತಾರೇನ್ರಿ? ನಿಮ್ಮ ಮನಿ ಕೀಲಿಕೈ ಬಾಗಲಕ್ಕ ನೇತ ಹಾಕೀರಿ."

"ಏನಂದಿ ತಮ್ಮಾ?"

"ಹೇಳ್ತೇನಿ ನೋಡ್ರಿ." ಅವನು ಪರದೆ ಹೊತ್ತಿಸಿ, ತನ್ನ ತೋರುಬೆರಳನ್ನು ಮೊದಲ ಗೆರೆಯ ತುದಿಗೆ ಇಟ್ಟ. ಎಡಗಡೆ ಮೇಲಿಂದ ಕೆಳಕ್ಕೆ ಎಳೆದ, ಅಲ್ಲಿಂದ ಬಲಕ್ಕೆ, ಬಲದಿಂದ ಮೇಲಕ್ಕೆ. ಮೊಬೈಲು ತೆರೆದುಕೊಂಡಿತು.

ನನ್ನ ಲಾಕು ಅದೇ. ಒಲೆಯ ಆಕಾರ, ಮೂರು ಕಡೆ ಗೋಡೆ, ಮೇಲೆ ಬಾಯಿ. ನೆನಪಿಡಲು ಸಲೀಸು ಎಂದು ನಾನೇ ಇಟ್ಟುಕೊಂಡದ್ದು. ಕಲ್ಲುಪುಡಿಯ ಬೆರಳಿನಿಂದ ದಿನಾ ಅಲ್ಲೇ ಎಳೆದು ಎಳೆದು ಅದನ್ನು ಗಾಜಿನ ಮೇಲೆ ಕೆತ್ತಿಟ್ಟಿದ್ದೆ.

"ಯಾರ ಬೇಕಾದ್ರೂ ತಗೀಬೌದ್ರಿ. ಓದು ಬರಬೇಕಂತಿಲ್ಲ, ಗೆರಿ ಗುಂಟ ಬೆರಳ ಎಳದ್ರ ಆತು," ಎಂದ ರಿಜ್ವಾನ. "ಮೊದಲ ಲಾಕ್ ಬದಲಿ ಮಾಡ್ರಿ. ಗೆರಿ ಹೋಗೂದಿಲ್ಲ, ಮ್ಯಾಲ ಗ್ಲಾಸ್ ಹಾಕ್ತೇನಿ." ಆಮೇಲೆ ಮೊಬೈಲಿನ ಸಣ್ಣ ತೂತುಗಳಲ್ಲಿ ಬ್ರಷ್ ಆಡಿಸಿದ. ಬೆಳ್ಳನೆಯ ಪುಡಿ ಉದುರಿತು. ಬೆರಳಿಗೆ ಹಚ್ಚಿಕೊಂಡು ಮೂಸಿದ. "ಹಿಟ್ಟಲ್ಲ ಇದು. ಈಬತ್ತಿ ಹಾಕಿ ತಿಕ್ಕೀರೇನ್ರಿ? ಹಂಗ ಮಾಡಬಾರದ್ರಿ ಅಕ್ಕಾರ. ಗಾಜಿಗೆ ಯಾವ ಪುಡಿನೂ ಆಗೂದಿಲ್ಲ."

ನಾನು ತಿಕ್ಕಿರಲಿಲ್ಲ.

ಅತ್ತೆ ಹಿತ್ತಾಳೆ ತಿಕ್ಕುವುದು ಅರಿವೆಯಿಂದಲ್ಲ, ಹೆಬ್ಬೆರಳಿನಿಂದ. ಗೀರು ಎಲ್ಲಿದೆಯೋ ಅದರ ಗುಂಟವೇ ಹೆಬ್ಬೆರಳು ಒತ್ತಿ ಎಳೆಯುತ್ತಾಳೆ. ನಾನು ಗಿರಣಿಗೆ ಹೋಗಿದ್ದಾಗ ಚಾರ್ಜಿಗೆ ಇಟ್ಟ ಮೊಬೈಲು ತೆಗೆದುಕೊಂಡಿದ್ದಾಳೆ. ಕೈಗೆತ್ತಿದರೆ ಪರದೆ ತಾನೇ ಹೊತ್ತಿಕೊಳ್ಳುತ್ತದೆ. ಕೆಳಕ್ಕೆ, ಬಲಕ್ಕೆ, ಮೇಲಕ್ಕೆ ಬೆರಳೆತ್ತದೆ ತಿಕ್ಕಿದ್ದಾಳೆ. ಲಾಕು ಹೋದಮೇಲೆ ಎದುರಿಗೆ ಬಂದದ್ದು ನಾನು ಕೊನೆಗೆ ನೋಡಿ ಬಿಟ್ಟ ಸಮ್ರೀನಳ ಸಂದೇಶ. ಅದರ ಮೇಲೂ ಹೆಬ್ಬೆರಳು ಓಡಿದೆ.

ರಿಜ್ವಾನನ ಕೈಯಿಂದ ಮೊಬೈಲು ಕಸಿದುಕೊಂಡು ನೋಡಿದೆ. ಹಸಿರು ಮೈಕು ನೀಲಿಯಾಗಿತ್ತು.

ಅತ್ತೆ ಕೇಳಿದ್ದಳು. ನನ್ನ ಮೈಯ ಸುದ್ದಿ ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು.

ಗಾಜೂ ಬೇಡ, ಏನೂ ಬೇಡ ಎಂದು ಓಡಿದೆ. ಟಿಕೋಟಾದ ಬಸ್ಸಿನಲ್ಲಿ ಕಿಟಕಿಗೆ ಆತು ಕೂತು ನಿನ್ನೆಯ ಸಂಜೆಯನ್ನು ನೆನಪು ಮಾಡಿಕೊಂಡೆ. ನಿನ್ನೆ ಅತ್ತೆ ಮಾತೇ ಆಡಿರಲಿಲ್ಲ. ತಲೆ ನೋಯುತ್ತದೆ ಎಂದು ಬೇಗ ಮಲಗಿದ್ದಳು. ಇವತ್ತು ಮುಂಜಾನೆ ನನ್ನ ಕೈಯಿಂದ ಹಿಟ್ಟಿನ ಪರಾತ ಕಿತ್ತುಕೊಂಡು "ನೀ ಬಡೀಬ್ಯಾಡ, ನಾ ಬಡೀತೇನಿ" ಎಂದಿದ್ದಳು. ಆಗ ನಾನು ಮುದುಕಿಗೆ ಇವತ್ತು ಹುರುಪು ಹೆಚ್ಚಾಗಿದೆ ಎಂದುಕೊಂಡೆ. ಈಗ ಅರ್ಥವಾಯಿತು. ನನ್ನ ಕೈಯ ರೊಟ್ಟಿ ಅವಳಿಗೆ ಹೇಸಿಗೆ ಬಂದಿರಬೇಕು. ಅವ್ವ ಮಲಗಿದ ಕಡೆಯ ದಿನಗಳಲ್ಲಿ, ಕಾಮಾಲೆಯೆಂದೇ ತಿಳಿದಿದ್ದ ಅಕ್ಕಪಕ್ಕದವರು ಕೂಡ ನಮ್ಮ ಮನೆಯ ನೀರನ್ನು ಮುಟ್ಟುತ್ತಿರಲಿಲ್ಲ. ಈ ಗಂಟು ಅಂಟುವ ಬೇನೆಯಲ್ಲ ಎಂದು ಯಾರಿಗೆ ತಿಳಿಸಿ ಹೇಳುವುದು?

ಎರಡು ಸಲ ಮೊಬೈಲನ್ನು ಕಿವಿಗೆ ಹಿಡಿದೆ. ಈಗಾದರೂ ಕೇಳಿಬಿಡು ಮಹಾನಂದಾ ಎಂದು ನನಗೆ ನಾನೇ ಬೈದುಕೊಂಡೆ. ಒತ್ತಲು ಆಗಲಿಲ್ಲ. ಒಂದು ಮಾತ್ರ ಗೊತ್ತಿತ್ತು, ಅತ್ತೆಯ ಮುಖ ನೋಡಿದರೆ ಸಾಕು, ನನಗೆ ಏನಾಗಿದೆ ಎಂದು ತಿಳಿದುಹೋಗುತ್ತದೆ. ಆ ಮುಖ ನೋಡಲು ನನಗೆ ಯಮನನ್ನು ನೋಡುವಷ್ಟು ಭಯವಾಯಿತು.

ಮನೆಗೆ ಕೀಲಿ ಹಾಕಿತ್ತು. ದಾವಲಬಿ ತನ್ನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ನಿಮ್ಮತ್ತಿ ಬಬಲೇಶ್ವರಕ್ಕ ಹೋಗ್ಯಾಳಲ್ಲವಾ, ತಮ್ಮನ ಮನಿಗೆ. ನೀ ಹೋದ ಹಿಂದೆನ ಹೊಂಟಳು. ಚಾ ಕುಡದ ಹೋಗ ಅಂದ್ರ ಕೇಳಲಿಲ್ಲ."

"ಯಾಕ ಹೊಂಟೇನಂತ ಏನರ ಹೇಳಿದ್ಲೇನು?"

"ಗುರುವಾರದ ನಿಶ್ಚಯದ ಸಂಬಂಧ ಮಾತಾಡೂದೈತಿ ಅಂದ್ಲು. ಕಣ್ಣ ಕೆಂಪಾಗಿದ್ವು. ಅತ್ತಿ ಸೊಸಿ ಜಗಳಾಡೀರೇನು?"

ಮುಗಿಯಿತು. ನಿಶ್ಚಯ ಮುರಿಯಲು ಹೋಗಿದ್ದಾಳೆ. ತಮ್ಮನ ಮನೆಗೆ ಅಂಥ ಹೆಣ್ಣು ಬೇಡ ಎಂದು ಹೇಳುತ್ತಾಳೆ, ಅವ್ವನದೂ ಹೇಳುತ್ತಾಳೆ, ಕಾಮಾಲೆಯ ಸುಳ್ಳೂ ಹೊರಬೀಳುತ್ತದೆ. ನಾಳೆಗೆ ಮಮದಾಪುರ, ನಾಡಿದ್ದಿಗೆ ಸುತ್ತಿನ ಹಳ್ಳಿಗಳಿಗೆಲ್ಲ ಸುದ್ದಿ. ದಾನೇಶ್ವರಿಯನ್ನು ಆಮೇಲೆ ಯಾರೂ ಕೇಳುವುದಿಲ್ಲ. ಅವಳಿಗೆ ಫೋನ್ ಮಾಡೋಣವೆಂದು ಹೆಸರು ತೆಗೆದೆ. ಅವಳ ನಗುವ ಫೋಟೋ ಬಂತು, ಮುಚ್ಚಿಟ್ಟೆ.

ಬಬಲೇಶ್ವರದ ಬಸ್ಸು ಸಿಗಲು ಅರ್ಧ ತಾಸು ಬೇಕಾಯಿತು. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ನಡುವೆ ಜೋಳದ ಹೊಲಗಳು, ಅವೇನೂ ಕಣ್ಣಿಗೆ ಹತ್ತಲಿಲ್ಲ. ಮನಸ್ಸಿನಲ್ಲಿ ಅತ್ತೆಯನ್ನು ಬಾಯಿಗೆ ಬಂದಂತೆ ಬೈದೆ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತವಳು, ನನ್ನ ಎರಡು ಬಾಣಂತನ ಮಾಡಿದವಳು, ಒಂದು ಮಾತು ನನ್ನನ್ನೇ ಕೇಳಬಾರದಿತ್ತೇ? ಬೈಯುವಾಗ ಸ್ವಲ್ಪ ಧೈರ್ಯ ಬರುತ್ತಿತ್ತು. ಬೈಗುಳ ತೀರಿದ ಕೂಡಲೆ ಎದೆಯ ಗಂಟು ನೆನಪಾಗುತ್ತಿತ್ತು. ಸೆರಗಿನೊಳಗೆ ಕೈ ಹೋಗುತ್ತಿತ್ತು. ಇದ್ದೇ ಇತ್ತು.

ಯಲಗೂರಪ್ಪ ಮಾವನ ಮನೆ ಮುಟ್ಟಿದಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಮಾವ ಕಟ್ಟೆಯ ಮೇಲೆ ಕೂತು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಒಳಗಿನಿಂದ ಹೆಂಗಸರು ಅಳುವ ದನಿ. ಎಲ್ಲ ಹೇಳಿಯಾಗಿದೆ. ಇನ್ನು ಉಳಿದದ್ದು ಕಾಲು ಹಿಡಿಯುವುದೊಂದೇ. ತಪ್ಪು ನಮ್ಮದು ಮಾವ, ಹುಡುಗಿಯದೇನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ.

ಮಾವನೇ ಮೊದಲು ಮಾತಾಡಿದ.

"ಬಂದ್ಯಾ ಯವ್ವಾ. ನಿಮ್ಮತ್ತಿ ಹಿಂಗ ಹೇಳಾಕತ್ತಾಳ ನೋಡು. ಎದಿಯಾಗ ಗಂಟ ಆಗೈತಂತ. ಕ್ಯಾನ್ಸರ್ ಅಂತ. ನಿನಗರ ಗೊತ್ತಿತ್ತಿಲ್ಲೋ?"

"ಯಾರಿಗಿ?" ಎಂದೆ.

"ಯಾರಿಗಿ ಅಂದ್ರ? ನಮ್ಮಕ್ಕಗ. ದುಂಡಕ್ಕಗ."

ಕಂಬ ಹಿಡಿದುಕೊಂಡೆ. ಎರಡು ದಿನದಿಂದ ಕಿವಿಗೆ ಹಚ್ಚಲು ಆಗದೆ ಹೊತ್ತು ತಿರುಗಿದ ಒಂದು ನಿಮಿಷ ಎಂಟು ಸೆಕೆಂಡಿನ ಮಾತು ಅದೇ. ಅದಕ್ಕೆ ಹೆಸರು ಬಂದಿತ್ತು, ಅದೂ ಬೇರೆಯವಳ ಎದೆಯ ಮೇಲೆ ಕೂತು.

ಅತ್ತೆ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ಆ ಮುಖ ನೋಡಿದೆ. ಮಾವನಿಗೆ "ಸೊಸಿ ಅಂಜ್ಯಾಳ, ಬಿಸಲಾಗ ಬಂದಾಳ, ನೀರ ಕೊಡ್ತೇನಿ" ಎಂದು ಹೇಳಿ, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ತಂಬಿಗೆ ಕೊಟ್ಟಳು.

"ಬೇಕಂತ ಕೇಳಿಲ್ಲ ನಾ," ಎಂದಳು ಮೆಲ್ಲಗೆ. "ಗೆರಿ ತಿಕ್ಕಾಕ ಹೋದೆ. ಅದು ಮಾತಾಡಾಕ ಹತ್ತಿತು. ಬಂದ ಮಾಡೂದ ಹೆಂಗಂತ ತಿಳೀಲಿಲ್ಲ ನನಗ."

"ಏನಂದ್ಲು ಆ ಹುಡುಗಿ?"

"ಸಣ್ಣದೈತಂತ, ಈಗ ತಗದ್ರ ಹೊಕ್ಕೈತಂತ. ತಡಾ ಮಾಡಬಾರದಂತ. ಗುರುವಾರ ದೊಡ್ಡ ಡಾಕ್ಟರ್ ಬರತಾನಂತ, ಅವತ್ತ ಬರಲೇಬೇಕಂತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಗುರುವಾರ ನಿಶ್ಚಯ ಇಟ್ರ ನೀ ದವಾಖಾನಿಗೆ ಹೋಗೂದಿಲ್ಲಂತ ನನಗ ಗೊತ್ತಿತ್ತು. ತಂಗಿ ತಂಗಿ ಅಂತ ಸಾಯ್ತಿ. ಅದಕ ನಿಶ್ಚಯ ಬುಧವಾರ ಮಾಡಂತ ತಮ್ಮಗ ಹೇಳಾಕ ಬಂದೆ. ಯಾಕಂತ ಕೇಳಿದ. ಏನ ಹೇಳ್ಲಿ? ನನಗ ಬ್ಯಾನಿ ಬಂದೈತಿ, ಗುರುವಾರ ನಾ ದವಾಖಾನ್ಯಾಗ ಇರಬೇಕಂತ ಹೇಳಿದೆ."

"ನಮ್ಮವ್ವಗನೂ..." ಎಂದೆ. ಮುಂದೆ ಹೇಳಲಾಗಲಿಲ್ಲ.

"ಗೊತ್ತೈತಿ. ನಿನ್ನ ಮದಿವಿಗಿಂತ ಮೊದಲ ಗೊತ್ತಿತ್ತು. ಮಮದಾಪುರದಾಗ ನಮ್ಮವರು ಇಲ್ಲೇನು? ಬ್ಯಾನಿಗೆ ಅಂಜಿ ಹೆಣ್ಣ ಬಿಟ್ರ ಊರಾಗ ಒಬ್ಬರ ಮದಿವಿನೂ ಆಗೂದಿಲ್ಲ."

ಹನ್ನೊಂದು ವರ್ಷ. ನಾನು ಹೆದರಿಕೊಂಡು ಮುಚ್ಚಿಟ್ಟದ್ದನ್ನು ಅವಳು ಹೆದರದೆ ಮುಚ್ಚಿಟ್ಟಿದ್ದಳು. ಇಂಥವಳನ್ನೇ ಬಸ್ಸಿನುದ್ದಕ್ಕೂ ಬೈದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಈಗ ಆ ಗಂಟು ನನ್ನ ಒಬ್ಬಳ ಗುಟ್ಟಾಗಿರಲಿಲ್ಲ, ನಿಜವಾಗಿತ್ತು. ಅತ್ತೆಯ ಹೊಟ್ಟೆಗೆ ಮುಖ ಒತ್ತಿ ಅತ್ತುಬಿಟ್ಟೆ. ಸತ್ತರೆ ಮಕ್ಕಳ ಗತಿ ಏನು ಎಂದು ಕೇಳಿದೆ. "ಬಾಯಿ ಮುಚ್ಚ," ಎಂದು ಬೈದಳು, ತಾನೂ ಅಳುತ್ತಲೇ.

ಒಳಗೆ ಬಂದಾಗ ಮಾವ ದಾರಿಗೆ ಅಡ್ಡ ನಿಂತಿದ್ದ. ಬುಧವಾರಕ್ಕೆ ಒಪ್ಪಿಕೊಂಡ. ಮುಹೂರ್ತ ನೋಡಿಕೊಟ್ಟ ಅಯ್ಯನವರು ಬಸಲಿಂಗಯ್ಯ ದಿನ ಬದಲಿಸಲು ಒಲ್ಲೆ ಎಂದರೆ ತಾನೇ ಕಾಲು ಹಿಡಿದು ಒಪ್ಪಿಸುವುದಾಗಿ ಹೇಳಿದ. ಆದರೆ ಅಕ್ಕನ ಮಾತನ್ನು ಅವನಿಗೆ ನುಂಗಲಾಗಿರಲಿಲ್ಲ.

"ಯಕ್ಕಾ, ಒಂದ ಸಲ ಬಿಡ್ತು ಅನ್ನ," ಎಂದು ಅವಳ ಒಂದು ಕೈ ಹಿಡಿದುಕೊಂಡ. "ಸಂಜೀ ಹೊತ್ತಿನಾಗ ಇಂಥಾ ಮಾತ ಬಾಯಿಂದ ಬಿದ್ದೈತಿ. ದೇವರು ಕೇಳಿಸಿಕೊಂಡ ಅಸ್ತು ಅಂದಗಿಂದಾನು. ಬಿಡ್ತು ಅನ್ನ, ನನ್ನ ಸಲುವಾಗಿ ಅನ್ನ."

ನಮ್ಮ ಮಂದಿಗೆ ಇದು ತಮಾಷೆಯಲ್ಲ. ಕೆಟ್ಟ ಮಾತು ಆಡಿದವರು ಬಿಡ್ತು ಅನ್ನದಿದ್ದರೆ ಅದು ಆಡಿದವರಿಗೇ ಅಂಟಿಕೊಳ್ಳುತ್ತದೆ. ಅತ್ತೆಗೆ ಅದರಲ್ಲಿ ಎಂಥ ನಂಬಿಕೆಯೆಂದರೆ, ಯಾರಾದರೂ ಸುಮ್ಮನೆ ಸೀನಿ 'ನೆಗಡಿ ಬಂತು' ಅಂದರೂ ಬಿಡ್ತು ಅನ್ನಿಸದೆ ಬಿಡುವವಳಲ್ಲ. ಅತ್ತೆ ತಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನ್ನ ರಟ್ಟೆಯ ಮೇಲಿದ್ದ ಅವಳ ಕೈ ಬಿಗಿಯಾಯಿತು. ಅವಳಿಗೆ ಹೆದರಿಕೆಯಾಗುತ್ತಿತ್ತು.

"ಅನ್ರಿ ಅತ್ತಿ," ಎಂದೆ ನಾನೂ. "ಬಿಡ್ತು ಅನ್ರಿ."

"ಹೊತ್ತಾತು," ಎಂದಳು ಅತ್ತೆ. "ಟಿಕೋಟಾದ ಬಸ್ಸ ಹೊಕ್ಕೈತಿ, ನಡಿ."

ಅವಳು ಬಿಡ್ತು ಅನ್ನಲಿಲ್ಲ.